ಅಕ್ಕನ ಮಿಡಿ, ಜಪಾನಿನ ಇಲಿ

ಕಂಪನಿಯ ವಾರ್ಷಿಕ ಹೆಲ್ತ್ ಚೆಕಪ್ ರಿಪೋರ್ಟ್ ಬಂದಾಗ ನಾವೆಲ್ಲ ಮಾಡೋದು ಒಂದೇ ಕೆಲಸ. ಪಿಡಿಎಫ್ ತೆಗೆದು, ದಪ್ಪಕ್ಷರದಲ್ಲಿ ಏನಾದ್ರೂ ಇದೆಯಾ ಅಂತ ಬೆರಳಲ್ಲಿ ಸರ್ರನೆ ಕೆಳಗೆ ಜಾರಿಸೋದು. ದಪ್ಪಕ್ಷರ ಇಲ್ಲದಿದ್ರೆ ಇನ್ನೊಂದು ವರ್ಷ ಆರಾಮು. ಎರಡು ವರ್ಷದ ಹಿಂದಿನ ಜನವರಿಯಲ್ಲಿ ನನ್ನ ರಿಪೋರ್ಟಿನ ಮೂರನೇ ಪುಟದಲ್ಲಿ ದಪ್ಪಕ್ಷರ ಇತ್ತು. ಎಸ್‌ಜಿಪಿಟಿ 84. ಪಕ್ಕದಲ್ಲಿ, 45ರ ಒಳಗಿರಬೇಕು ಅಂತ.

ನಾನು ಕುಡಿಯೋದಿಲ್ಲ. ಸಿಗರೇಟಿಲ್ಲ. ಮಲೆನಾಡಿನ ಹಳ್ಳಿಯಲ್ಲಿ ಗದ್ದೆ ಬದು ಹಾರಿಕೊಂಡು ಬೆಳೆದವನು. ನನ್ನ ಲಿವರಿಗೆ ಏನಾಗೋಕೆ ಸಾಧ್ಯ? ಅಂದಮೇಲೆ ತಪ್ಪು ನನ್ನದಲ್ಲ, ಹೊರಗಿನಿಂದ ಏನೋ ಬಂದು ಸೇರಿದೆ ಅಂತ ತೀರ್ಮಾನಿಸಿ, ರಾತ್ರಿ ಒಂದು ಗಂಟೆಗೆ ಅಡುಗೆಮನೆ ಲೈಟು ಹಾಕಿ ಡಬ್ಬಿಗಳನ್ನೆಲ್ಲ ಇಳಿಸಿ ಲೇಬಲ್ ಓದೋಕೆ ಕೂತೆ. ಸಾಸ್, ಜಾಮ್, ಬ್ರೆಡ್. ಕೊನೆಗೆ ಕೈಗೆ ಬಂದದ್ದು ಅಕ್ಕನ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ. ಅದರ ಲೇಬಲ್ ಡಿಸೈನ್ ಮಾಡಿದವನು ನಾನೇ. ಕೆಳಗೆ ಸಣ್ಣಕ್ಷರದಲ್ಲಿ, 'ಅನುಮತಿಸಲಾದ ಕ್ಲಾಸ್ 2 ಪ್ರಿಸರ್ವೇಟಿವ್ (211) ಒಳಗೊಂಡಿದೆ' ಅಂತಿತ್ತು. ಈ ಸಾಲನ್ನು ನೀವೂ ಹತ್ತಾರು ಪೊಟ್ಟಣದ ಮೇಲೆ ನೋಡಿರ್ತೀರಿ, ಓದಿರೋದಿಲ್ಲ. 211 ಅಂದ್ರೆ ಸೋಡಿಯಂ ಬೆಂಜೊಯೇಟ್.

ಅಕ್ಕ ಉಪ್ಪಿನಕಾಯಿ ಮಾರೋಕೆ ಶುರು ಮಾಡಿ ಆಗ ಐದು ವರ್ಷ ಆಗಿತ್ತು. ಭಾವನವರ ಅಡಿಕೆಗೆ ಕೊಳೆರೋಗ ಬಂದ ವರ್ಷ, ಮನೆ ಖರ್ಚಿಗೆ ಅಂತ ಹಿಡಿದ ಕೆಲಸ. ಮೊದಲೆಲ್ಲ ಅವಳ ಮಿಡಿಗೆ ಬೇರೇನೂ ಬೇಕಿರಲಿಲ್ಲ. ಶಿವರಾತ್ರಿ ಆಸುಪಾಸಿನಲ್ಲಿ ಕೊಯ್ದ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟು, ಅದು ನೀರು ಬಿಟ್ಟು ಚಿರುಟಿದ ಮೇಲೆ ಅದೇ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ ಮೆಣಸು ಅರೆದು ಕಲಸಿ ಭರಣಿಗೆ ತುಂಬಿದರೆ ಎರಡು ವರ್ಷ ಏನೂ ಆಗ್ತಿರಲಿಲ್ಲ. ನೂರು ಗ್ರಾಮಿಗೆ ಹದಿನೈದು ಗ್ರಾಂ ಉಪ್ಪು. ಆ ಉಪ್ಪಲ್ಲಿ ಯಾವ ಬೂಷ್ಟು ಬದುಕುತ್ತೆ?

ಅದನ್ನ ಕೆಡಿಸಿದವನು ನಾನು. ಬೆಂಗಳೂರಿನ ನನ್ನ ಸ್ನೇಹಿತರು ರುಚಿ ನೋಡಿ, 'ಸೂಪರ್, ಆದ್ರೆ ಉಪ್ಪು ಸ್ವಲ್ಪ ಜಾಸ್ತಿ, ಬಿಪಿ ಕಾಲ' ಅಂದ್ರು. ನಾನು ಪ್ರಾಡಕ್ಟ್ ಫೀಡ್‌ಬ್ಯಾಕ್ ಅಂದ್ಕೊಂಡು ಅದನ್ನು ಊರಿಗೆ ಮುಟ್ಟಿಸಿದೆ. ಅಕ್ಕ ಉಪ್ಪನ್ನು ಹದಿನೈದರಿಂದ ಎಂಟಕ್ಕೆ ಇಳಿಸಿದಳು. ಇಳಿಸಿದ ಮೇಲೆ ಕೆಡದೇ ಇರೋಕೆ ಏನಾದ್ರೂ ಹಾಕಲೇಬೇಕಲ್ಲ, ಮಹಿಳಾ ಸಂಘದವರ ತರಬೇತಿಯಲ್ಲಿ ಕಲಿತ ಬಿಳಿ ಪುಡಿ ಹಾಕಿದಳು. ಲೇಬಲ್ಲಿಗೆ ಆ ಸಾಲನ್ನ ನಾನೇ ಟೈಪ್ ಮಾಡ್ದೆ.

ಆ ರಾತ್ರಿ 'ಸೋಡಿಯಂ ಬೆಂಜೊಯೇಟ್, ಲಿವರ್' ಅಂತ ಹುಡುಕಿದಾಗ ಸಿಕ್ಕಿದ್ದು 1993ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದ ಸಾರಾಂಶ. ಎಫ್344 ತಳಿಯ ಇಲಿಗಳಿಗೆ ಹತ್ತು ದಿನ ಮೇವಿನಲ್ಲಿ ಬೆರೆಸಿ ಕೊಟ್ಟಿದ್ದರು. ಗಂಡು ಇಲಿಗಳಲ್ಲಿ ಜಿಜಿಟಿ ಅನ್ನೋ ಲಿವರ್ ಕಿಣ್ವ ಏರಿತ್ತು, ಲಿವರಿನ ಜೀವಕೋಶಗಳು ಊದಿದ್ದವು. ಅಷ್ಟು ಸಾಕಾಯ್ತು ನನಗೆ. ಬೆಳಿಗ್ಗೆ ಆರಕ್ಕೆ ಅಕ್ಕನಿಗೆ ಫೋನು.

"ಅಕ್ಕ, ಆ ಪುಡಿ ಹಾಕೋದು ನಿಲ್ಸು. ಲಿವರ್ ಹಾಳಾಗುತ್ತೆ. ಪ್ರೂವ್ ಆಗಿದೆ."

"ಯಾರಿಗೆ ಆಗಿದ್ಯೋ?"

"ಇಲಿಗಳಿಗೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲಿ ಉಪ್ಪಿನಕಾಯಿ ತಿನ್ನುತ್ತನಾ ಮಾರಾಯಾ?" ಅಂದಳು. ನನಗೆ ಸಿಟ್ಟು ಬಂತು. ನಾನು ಬಿಇ ಓದಿದವನು, ಸಂಶೋಧನೆ ತೋರಿಸ್ತಿದ್ದೇನೆ, ಇವಳಿಗೆ ತಮಾಷೆ. ಜನಕ್ಕೆ ವಿಷ ಮಾರ್ತೀಯಾ ಅಂತ ಕೇಳಿದೆ. ಕೇಳಬಾರದಿತ್ತು. ಅವಳು ಆಮೇಲೆ ವಾದ ಮಾಡಲಿಲ್ಲ. ಆ ಸೀಸನ್ನಿನಲ್ಲಿ ಪುಡಿ ಹಾಕಲಿಲ್ಲ, ಉಪ್ಪು ಎಂಟೇ ಇಟ್ಟಳು.

ಮುಂದೇನಾಯ್ತು ಅಂತ ಅಡುಗೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಮಳೆಗಾಲ ಹಿಡಿದ ಮೂರನೇ ವಾರಕ್ಕೆ ಮುಚ್ಚಳಗಳು ಉಬ್ಬಿದವು. ಮಿಡಿ ಮೆತ್ತಗಾಗಿ, ಮೇಲೆ ಬಿಳಿ ಪೊರೆ. ಕೆಲವು ಬಾಟಲಿ ಬಸ್ಸಿನ ಪಾರ್ಸೆಲ್ಲಿನಲ್ಲೇ ಸೋರಿ, ಬೇರೆಯವರ ಸಾಮಾನು ಹಾಳಾಗಿ ಜಗಳ. ಒಟ್ಟು 160 ಬಾಟಲಿ ಅಡಿಕೆ ತೋಟದ ಗುಂಡಿಗೆ ಹೋಯಿತು. ಬಾಟಲಿಗೆ 220 ರೂಪಾಯಿಯಂತೆ ಲೆಕ್ಕ ಹಾಕಿ. ನನಗದು ಅರ್ಧ ತಿಂಗಳ ಇಎಂಐ. ಅಕ್ಕನಿಗೆ ಅದು ಮಗಳ ಪಿಯುಸಿ ಹಾಸ್ಟೆಲ್ ಫೀಸು. ದುಡ್ಡು ಕಳಿಸ್ತೀನಿ ಅಂದೆ. "ಬ್ಯಾಡ" ಅಂದಳು. ಅಷ್ಟೇ.

ಇತ್ತ ನಾನು ಆರು ತಿಂಗಳು ಪ್ಯಾಕೆಟ್ಟಿನ ಒಂದು ತುತ್ತೂ ಮುಟ್ಟದೆ ವ್ರತ ಹಿಡಿದವನ ಹಾಗಿದ್ದೆ. ಜುಲೈನಲ್ಲಿ ಮತ್ತೆ ರಕ್ತ ಕೊಟ್ಟೆ. ಎಸ್‌ಜಿಪಿಟಿ 91.

ಕೊನೆಗೂ ಡಾಕ್ಟರ ಹತ್ತಿರ ಹೋದೆ. ಅವರು ಪ್ರಿಸರ್ವೇಟಿವ್ ಬಗ್ಗೆ ನಾನು ಕೊಟ್ಟ ಭಾಷಣ ಪೂರ್ತಿ ಕೇಳಿ, "ತೂಕ ಎಷ್ಟು?" ಅಂದರು. 80. "ಕೆಲಸಕ್ಕೆ ಸೇರಿದಾಗ?" 62. "ರಾತ್ರಿ ಊಟ?" ಯುಎಸ್ ಕಾಲ್ ಮುಗಿದ ಮೇಲೆ, ಹನ್ನೊಂದಕ್ಕೆ. ಅಕ್ಕಿ. ಜೊತೆಗೆ ಸಂಜೆ ಬನ್ನು, ದಿನಕ್ಕೆ ನಾಲ್ಕು ಸಕ್ಕರೆ ಕಾಫಿ. ಅಲ್ಟ್ರಾಸೌಂಡಿನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಹೈದರಾಬಾದಿನ ಐಟಿ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 84 ಮಂದಿಗೆ ಲಿವರಿನಲ್ಲಿ ಕೊಬ್ಬು ಸೇರಿತ್ತು ಅಂತ ಆಮೇಲೆ ಓದಿದಾಗ, ನನಗೂ ಆಗಲಿಲ್ಲ.

ಎಸ್‌ಜಿಪಿಟಿ ಅಂದ್ರೇನು ಅಂತ ಆರು ತಿಂಗಳು ಹೆದರಿದ ನಾನು ಆವತ್ತಿನವರೆಗೆ ಸರಿಯಾಗಿ ತಿಳ್ಕೊಂಡಿರಲಿಲ್ಲ. ನಮ್ಮನೆ ಅಟ್ಟದ ಮೇಲೆ ಅಕ್ಕಿ ಮೂಟೆ ಇರ್ತಿತ್ತು. ಇಲಿ ಕಡಿದಿದೆ ಅಂತ ಗೊತ್ತಾಗ್ತಿದ್ದದ್ದು ಮೂಟೆ ನೋಡಿ ಅಲ್ಲ, ಕೆಳಗೆ ನೆಲದ ಮೇಲೆ ಅಕ್ಕಿಕಾಳು ಬಿದ್ದದ್ದು ನೋಡಿ. ಈ ಕಿಣ್ವವೂ ಹಾಗೇ. ಅದು ವಿಷ ಅಲ್ಲ, ಲಿವರ್ ಜೀವಕೋಶದ ಒಳಗೆ ದಿನಾ ಕೆಲಸ ಮಾಡೋ ಸಾಮಾನು. ಜೀವಕೋಶಕ್ಕೆ ಪೆಟ್ಟಾದಾಗ ಹೊರಗೆ ಚೆಲ್ಲಿ ರಕ್ತದಲ್ಲಿ ಕಾಣಿಸಿಕೊಳ್ಳುತ್ತೆ. ಇಂಥ ಕಿಣ್ವಗಳನ್ನು ರಕ್ತದಲ್ಲಿ ಅಳೆದು ರೋಗ ಹಿಡಿಯೋ ವಿಧಾನ ಬಂದದ್ದು 1950ರ ದಶಕದ ಮಧ್ಯದಲ್ಲಿ, ಅಮೆರಿಕದ ಆರ್ಥರ್ ಕಾರ್ಮೆನ್ ಮತ್ತು ಸಂಗಡಿಗರಿಂದ. ಮೊದಲು ಅವರು ನೋಡಿದ್ದು ಎಸ್‌ಜಿಒಟಿಯನ್ನು, ಅದೂ ಹೃದಯಾಘಾತ ಆದವರಲ್ಲಿ. ಜಿಜಿಟಿ ಸ್ವಲ್ಪ ಬೇರೆ ಜಾತಿ. ಮೂಟೆ ಹರಿಯದೇ ಇದ್ದರೂ, ಲಿವರ್ ಹೆಚ್ಚಿನ ಕೆಲಸಕ್ಕೆ ಬಿದ್ದಾಗಲೂ ಅದು ಏರಬಹುದು. ನನಗೆ ಏರಿದ್ದು ಒಂದು, ಇಲಿಗೆ ಏರಿತ್ತು ಅಂತ ನಾನು ಓದಿದ್ದು ಇನ್ನೊಂದು. ಎರಡೂ 'ಲಿವರ್ ಕಿಣ್ವ' ಅನ್ನೋ ಹೆಸರಿಗೆ ಸೇರಿದ್ದರಿಂದ ಒಂದಕ್ಕೊಂದು ಗಂಟು ಹಾಕಿಬಿಟ್ಟಿದ್ದೆ.

ಆಮೇಲೆ ಆ ಅಧ್ಯಯನದ ವಿವರಗಳನ್ನ ಮತ್ತೆ ಓದಿದೆ, ಈ ಸಲ ಹಗಲಿನಲ್ಲಿ. ಇಲಿಗಳಿಗೆ ಕೊಟ್ಟಿದ್ದ ಅತಿ ಹೆಚ್ಚಿನ ಪ್ರಮಾಣ ಮೇವಿನ ನೂರಕ್ಕೆ 2.4 ಭಾಗ. ಅಂದ್ರೆ ಒಂದು ಕೆಜಿ ಮೇವಿನಲ್ಲಿ 24 ಗ್ರಾಂ. ಜಿಜಿಟಿ ಏರಿದ್ದು ಆ ಪ್ರಮಾಣದಲ್ಲಿ. ನಮ್ಮ ದೇಶದ ನಿಯಮ ಉಪ್ಪಿನಕಾಯಿಗೆ ಇಟ್ಟಿದ್ದ ಮಿತಿ ಕೆಜಿಗೆ 250 ಮಿಲಿಗ್ರಾಂ. ಸುಮಾರು ನೂರು ಪಟ್ಟು ವ್ಯತ್ಯಾಸ. ಅದರ ಮೇಲೆ, ಇಲಿಗೆ ಅದು ಇಡೀ ಊಟ, ನಮಗೆ ಊಟದ ಎಲೆಯ ತುದಿ. ಇಲಿ ನುಂಗಿದ್ದು ತನ್ನ ತೂಕದ ಕೆಜಿಗೆ ದಿನಕ್ಕೆ ಸುಮಾರು 1800 ಮಿಲಿಗ್ರಾಂ. ನೇರವಾಗಿ ಗುಣಿಸಿದರೆ 80 ಕೆಜಿಯ ನಾನು ಅಷ್ಟು ಸೇವಿಸೋಕೆ ದಿನಕ್ಕೆ ಐದು ಕ್ವಿಂಟಾಲ್ ಹತ್ತಿರ ಹತ್ತಿರ ಉಪ್ಪಿನಕಾಯಿ ತಿನ್ನಬೇಕು. ಆದ್ರೆ ಹಾಗೆ ನೇರ ಗುಣಾಕಾರ ಮಾಡೋದು ತಪ್ಪಂತೆ. ಸಣ್ಣ ದೇಹ ಎಲ್ಲವನ್ನೂ ಬೇಗ ಬೇಗ ಕರಗಿಸುತ್ತೆ, ಹಾಗಾಗಿ ಇಲಿಯ ಡೋಸನ್ನು ಮನುಷ್ಯನಿಗೆ ಹೊಂದಿಸುವಾಗ 6.2ರಿಂದ ಭಾಗಿಸ್ತಾರೆ. ಭಾಗಿಸಿದೆ. ಸುಮಾರು 80 ಕೆಜಿ ಬಂತು. ದಿನಕ್ಕೆ ನನ್ನ ತೂಕದಷ್ಟೇ ಉಪ್ಪಿನಕಾಯಿ!

ಹಾಗಾದ್ರೆ ಅಷ್ಟೊಂದು ಯಾಕೆ ಕೊಡ್ತಾರೆ ಪಾಪದ ಪ್ರಾಣಿಗೆ? ನಮ್ಮ ವೃತ್ತಿಯವರಿಗೆ ಇದು ಅರ್ಥ ಆಗಬೇಕು, ನನಗೇ ಆಗದೆ ಹೋಯ್ತು. ಅದು ಲೋಡ್ ಟೆಸ್ಟ್. ಸರ್ವರ್ ಎಲ್ಲಿ ಬೀಳುತ್ತೆ ಅಂತ ತಿಳಿಯೋಕೆ ಬೀಳೋವರೆಗೂ ಭಾರ ಹೇರ್ತೀವಿ. ಆ ಟೆಸ್ಟಿನ ಕೆಂಪು ಗ್ರಾಫನ್ನ ಯಾರಾದ್ರೂ ಹಿಡ್ಕೊಂಡು ಬಂದು 'ನಿಮ್ಮ ಸೈಟ್ ಬಿದ್ದೋಗಿದೆ' ಅಂತ ಕೂಗಿದ್ರೆ ನಗ್ತೀವಿ. ಅಕ್ಕನ ಹತ್ತಿರ ನಾನು ಕೂಗಿದ್ದು ಅದನ್ನೇ. ಮಿತಿ ಗೊತ್ತುಮಾಡೋಕೆ ಬಳಸಿದ್ದು ಬೇರೆ ಅಧ್ಯಯನ, 1960ರಲ್ಲಿ ಜರ್ಮನಿಯಲ್ಲಿ ಪ್ರಕಟವಾದದ್ದು. ನಾಲ್ಕು ತಲೆಮಾರಿನ ಇಲಿಗಳಿಗೆ ಮೇವಿನ ನೂರಕ್ಕೆ ಒಂದು ಭಾಗದವರೆಗೆ ಬೆಂಜೊಯಿಕ್ ಆಮ್ಲ ಕೊಟ್ಟು ಸಾಕಿದ್ದರು, ತೊಂದರೆ ಕಾಣಲಿಲ್ಲ. ಆ ಪ್ರಮಾಣ ಅಂದ್ರೆ ತೂಕದ ಕೆಜಿಗೆ ಸುಮಾರು 500 ಮಿಲಿಗ್ರಾಂ. ಅದನ್ನ ನೂರರಿಂದ ಭಾಗಿಸಿ 5 ಅಂತ ಇಟ್ಟರು. ನೂರು ಯಾಕೆ ಅಂದ್ರೆ, ಇಲಿಗಿಂತ ಮನುಷ್ಯ ಹತ್ತು ಪಟ್ಟು ಸೂಕ್ಷ್ಮ ಇರಬಹುದು, ಮನುಷ್ಯರಲ್ಲೇ ಒಬ್ಬರಿಗಿಂತ ಒಬ್ಬರು ಹತ್ತು ಪಟ್ಟು ಸೂಕ್ಷ್ಮ ಇರಬಹುದು ಅನ್ನೋ ಅಂದಾಜು. 1954ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಲೇಮನ್ ಮತ್ತು ಫಿಟ್ಜ್‌ಹ್ಯೂ, ಹಾಕಿಕೊಟ್ಟ ಲೆಕ್ಕ. ಅಂತರರಾಷ್ಟ್ರೀಯ ತಜ್ಞರ ಸಮಿತಿ 2021ರಲ್ಲಿ ಆ ಐದನ್ನ ಇಪ್ಪತ್ತಕ್ಕೆ ಏರಿಸಿತು. ನಾನು ಹಳೇ ಐದನ್ನೇ ಹಿಡ್ಕೊಂಡಿದ್ದೀನಿ, ಸಾಲ ಮಾಡುವಾಗ ಬಡ್ಡಿ ಜಾಸ್ತಿ ಅಂತಲೇ ಲೆಕ್ಕ ಹಾಕೋ ಹಾಗೆ.

ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಬೇರೆ. ಈ ಬೆಂಜೊಯಿಕ್ ಆಮ್ಲಕ್ಕೆ ಆ ಹೆಸರು ಬಂದದ್ದು ಬೆಂಜೋಯಿನ್ ಅನ್ನೋ ಮರದಂಟಿನಿಂದ. ಅಂದ್ರೆ ನಮ್ಮನೆ ದೇವರ ಮುಂದೆ ಹೊಗೆ ಹಾಕೋ ಸಾಂಬ್ರಾಣಿ! ಲವಂಗ, ದಾಲ್ಚಿನ್ನಿಯಲ್ಲೂ ಈ ಆಮ್ಲ ಇದೆ. ಅಷ್ಟೇ ಅಲ್ಲ, ಹಾಲು ಹೆಪ್ಪಾಗುವಾಗ ಬ್ಯಾಕ್ಟೀರಿಯಾಗಳು ಹಾಲಿನಲ್ಲಿರೋ ಹಿಪ್ಯೂರಿಕ್ ಆಮ್ಲವನ್ನು ಬೆಂಜೊಯಿಕ್ ಆಮ್ಲ ಮಾಡ್ತವೆ. ವ್ರತದ ಆರು ತಿಂಗಳು ನಾನು 'ಪ್ಯೂರ್' ಅಂತ ಬಟ್ಟಲುಗಟ್ಟಲೆ ಸುರಿದುಕೊಂಡ ಮೊಸರಿನಲ್ಲೂ ಅದು ಒಂದಿಷ್ಟಿತ್ತು. ನಮ್ಮ ಲಿವರ್ ಇದರ ಉಲ್ಟಾ ಕೆಲಸ ಮಾಡುತ್ತೆ. ಬೆಂಜೊಯೇಟಿಗೆ ಗ್ಲೈಸಿನ್ ಅನ್ನೋ ಸಣ್ಣ ಅಮಿನೋ ಆಮ್ಲ ಅಂಟಿಸಿ, ಹಿಪ್ಯೂರಿಕ್ ಆಮ್ಲ ಮಾಡಿ, ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ಬಹುಪಾಲು ಆರೇ ಗಂಟೆಯಲ್ಲಿ. 1842ರಲ್ಲಿ ಜರ್ಮನಿಯ ಕೆಲ್ಲರ್ ಅನ್ನೋನು ರಾತ್ರಿ ತಾನೇ ಬೆಂಜೊಯಿಕ್ ಆಮ್ಲ ನುಂಗಿ, ಬೆಳಿಗ್ಗೆ ತನ್ನ ಮೂತ್ರದಲ್ಲೇ ಇದನ್ನ ಪತ್ತೆ ಮಾಡಿದ್ದ. ಹುಲ್ಲು ಮೇಯೋ ದನಗಳ ಲಿವರಂತೂ ದಿನವಿಡೀ ಮಾಡೋದು ಇದೇ ಕೆಲಸ. ಚಿಕ್ಕಂದಿನಲ್ಲಿ ನಾನು ಬೈಸಿಕೊಂಡು ತೊಳೀತಿದ್ದ ಕೊಟ್ಟಿಗೆಯ ಗಂಜಲದ ತುಂಬ ಹಿಪ್ಯೂರಿಕ್ ಆಮ್ಲ.

ಆದ್ರೆ ಬೆಕ್ಕಿಗೆ ಈ ದಾರಿ ಕಿರಿದು. ಇಲಿ ತಡ್ಕೊಳ್ಳೋ ಪ್ರಮಾಣಕ್ಕೆ ಬೆಕ್ಕು ನಡುಗಿ, ಫಿಟ್ಸ್ ಬಂದು ಸಾಯುತ್ತೆ. 1970ರ ದಶಕದ ಶುರುವಿನಲ್ಲಿ ಬೆಂಜೊಯಿಕ್ ಆಮ್ಲ ಬೆರೆಸಿದ ಮಾಂಸ ತಿಂದು ಬೆಕ್ಕುಗಳು ಸತ್ತ ದಾಖಲೆ ಇದೆ. ಇದು ಓದಿದಾಗ ಒಂದು ಕ್ಷಣ ಸುಮ್ಮನಾದೆ. ಅಂದಿನವರು ಪರೀಕ್ಷೆಗೆ ಇಲಿಯ ಬದಲು ಬೆಕ್ಕನ್ನ ಆರಿಸಿದ್ದರೆ 211 ಅನ್ನೋ ನಂಬರೇ ಇರ್ತಿರಲಿಲ್ಲವೇನೋ. ಈ ವಿಷಯದಲ್ಲಿ ನಾವು ಇಲಿಯ ಪಕ್ಷ, ಬೆಕ್ಕಿನ ಪಕ್ಷ ಅಲ್ಲ. ಅದು ಕೆಲ್ಲರನ ಕಾಲದಿಂದ ಮನುಷ್ಯರನ್ನೇ ನೋಡಿ ಗೊತ್ತಾಗಿದ್ದರಿಂದ ಧೈರ್ಯ. ಎಲ್ಲ ಪ್ರಿಸರ್ವೇಟಿವ್‌ಗೂ ಅಂಥ ಧೈರ್ಯ ಹೇಳೋಕೆ ನಾನು ತಯಾರಿಲ್ಲ. 211ರ ಬಗ್ಗೆಯೂ ಒಂದು ತಕರಾರು ಉಳಿದಿದೆ. ತಂಪು ಪಾನೀಯಗಳಲ್ಲಿ ಇದು ವಿಟಮಿನ್ ಸಿ ಜೊತೆ ಸೇರಿದಾಗ, ಬಿಸಿಲು, ಬೆಳಕು ತಾಗಿದರೆ ಸ್ವಲ್ಪ ಬೆಂಜೀನ್ ಹುಟ್ಟಬಹುದು. ಬೆಂಜೀನ್ ಕ್ಯಾನ್ಸರ್ ತರೋ ವಸ್ತು. ಅಂಗಡಿ ಮುಂದೆ ಬಿಸಿಲಲ್ಲಿ ಒಣಗೋ ಬಣ್ಣದ ಬಾಟಲಿಗಳನ್ನ ಮಕ್ಕಳಿಗೆ ನಾನಂತೂ ಕೊಡಿಸೋದಿಲ್ಲ.

ಈಗ ಉಪ್ಪಿಗೆ ಬರೋಣ. ನಮ್ಮ ಆಹಾರ ನಿಯಮಗಳಲ್ಲಿ ಪ್ರಿಸರ್ವೇಟಿವ್‌ಗಳನ್ನ ಎರಡು ವರ್ಗ ಮಾಡಿದ್ದರು. ಎರಡನೇ ಕ್ಲಾಸಿನಲ್ಲಿ ಬೆಂಜೊಯೇಟ್, ಸಲ್ಫೈಟ್, ಸೋರ್ಬೇಟ್ ಮುಂತಾದವು, ಪ್ರತಿಯೊಂದಕ್ಕೂ ಮಿತಿ. ಮೊದಲನೇ ಕ್ಲಾಸಿನಲ್ಲಿ ಉಪ್ಪು, ಸಕ್ಕರೆ, ವಿನೆಗರ್, ಜೇನು, ಎಣ್ಣೆ, ಮಸಾಲೆ. ಇವುಗಳಿಗೆ ಮಿತಿಯೇ ಇಲ್ಲ. ನನ್ನ ಲೆಕ್ಕ ಹೀಗಿದೆ. ಕೆಜಿಗೆ 5 ಮಿಲಿಗ್ರಾಮಿನಂತೆ ನನಗೆ ದಿನಕ್ಕೆ 400 ಮಿಲಿಗ್ರಾಂ ಬೆಂಜೊಯೇಟ್ ಆಗಬಹುದು. ಅಷ್ಟು ಸೇರಬೇಕಾದ್ರೆ ಅಕ್ಕನ 400 ಗ್ರಾಮಿನ ಬಾಟಲಿ ನಾಲ್ಕು ಖಾಲಿಯಾಗಬೇಕು. ಅಷ್ಟರಲ್ಲಿ 128 ಗ್ರಾಂ ಉಪ್ಪು ಒಳಗೆ ಹೋಗಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ಹಳೇ ಹದದ, ಅಮ್ಮನ ಕಾಲದ 'ನೋ ಪ್ರಿಸರ್ವೇಟಿವ್' ಉಪ್ಪಿನಕಾಯಿಯಾದ್ರೆ 33 ಗ್ರಾಮಿಗೇ ಆ ಐದು ಗ್ರಾಂ ಮುಗೀತು.

ಇದು ಹೊಸ ಕಥೆಯೂ ಅಲ್ಲ. 1902ರಿಂದ ಅಮೆರಿಕದಲ್ಲಿ ಹಾರ್ವಿ ವೈಲಿ ಅನ್ನೋ ಸರ್ಕಾರಿ ರಸಾಯನಶಾಸ್ತ್ರಜ್ಞ ಹನ್ನೆರಡು ಯುವಕರನ್ನ ಕೂರಿಸಿ ಬೋರಾಕ್ಸ್, ಬೆಂಜೊಯೇಟ್ ಎಲ್ಲ ತಿನ್ನಿಸಿ ಪರೀಕ್ಷೆ ಮಾಡಿದ. ಇಲಿಗಳ ಜಾಗದಲ್ಲಿ ಗುಮಾಸ್ತರು. ಪತ್ರಿಕೆಗಳು ಅವರಿಗಿಟ್ಟ ಹೆಸರು 'ವಿಷಪಡೆ'. ಆ ಗಲಾಟೆಯ ಕಾಲದಲ್ಲೇ ಹೈಂಜ್ ಕಂಪನಿ ಕೆಚಪ್ಪಿನಿಂದ ಬೆಂಜೊಯೇಟ್ ತೆಗೆದು ಹೆಸರು ಮಾಡಿತು. ಕೆಡದೇ ಇರೋಕೆ ಬದಲಿಗೆ ಏನು ಹಾಕಿದ್ರು? ಹಣ್ಣಾದ ಟೊಮೆಟೊ, ಜಾಸ್ತಿ ವಿನೆಗರ್, ಜಾಸ್ತಿ ಸಕ್ಕರೆ. ನನ್ನ ಲಿವರಿನಲ್ಲಿ ಕೊಬ್ಬಾಗಿ ಕೂತದ್ದು ಯಾವುದು ಅಂತ ಡಾಕ್ಟರು ಹೇಳಿದ್ದು ಜ್ಞಾಪಕ ಬಂತು.

ಮರುವರ್ಷ ಶಿವರಾತ್ರಿಗೆ ಊರಿಗೆ ಹೋದೆ. ಚೀಲದಲ್ಲಿ ಸಣ್ಣ ಡಿಜಿಟಲ್ ತಕ್ಕಡಿ, 0.1 ಗ್ರಾಂ ತೋರಿಸೋದು. ತಪ್ಪಾಯ್ತು ಅಂತ ಹೇಳೋಕೆ ಬಸ್ಸಿನುದ್ದಕ್ಕೂ ಮಾತು ಜೋಡಿಸಿದ್ದೆ. ಅಕ್ಕ ಹಿತ್ತಲ ಕಡೆ ಮಿಡಿ ತೊಟ್ಟು ನೋಡಿ ಆರಿಸ್ತಾ ಕೂತಿದ್ದಳು. ಇಲಿ, ಬೆಕ್ಕು, ಸಾಂಬ್ರಾಣಿ ಎಲ್ಲ ಹೇಳಿದೆ. ಕೇಳಿದಳು. "ಅಂದ್ರೆ ಪುಡಿ ಹಾಕಬಹುದು ಅಂತ ಹೇಳಾಕೆ ಇಷ್ಟು ದೂರ ಬಂದ್ಯನಾ?" ಅಂದಳು.

ಎಷ್ಟು ಹಾಕ್ತಿದ್ದೆ ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. "ಕ್ವಿಂಟಾಲಿಗೆ ಎರಡು ಚಮಚ, ತುಂಬಿ." ಯಾವ ಚಮಚ? ಒಳಗಿಂದ ತಂದಳು. ಬಡಿಸೋ ಚಮಚ. ಎರಡು ತುಂಬಿ ತಕ್ಕಡಿಗೆ ಹಾಕಿದೆವು. 44 ಗ್ರಾಂ ತೋರಿಸ್ತು. ನಿಯಮದ ಮಿತಿ ಬೆಂಜೊಯಿಕ್ ಆಮ್ಲದ ಲೆಕ್ಕದಲ್ಲಿ, ಅದನ್ನ ಸೋಡಿಯಂ ಬೆಂಜೊಯೇಟಿಗೆ ತಿರುಗಿಸಿದರೆ ಕ್ವಿಂಟಾಲಿಗೆ 29.5 ಗ್ರಾಂ. ಒಂದೂವರೆ ಪಟ್ಟು ಹಾಕ್ತಿದ್ದಳು. ಲೇಬಲ್ಲಿನ ಮೇಲೆ 'ಅನುಮತಿಸಲಾದ' ಅಂತ ಟೈಪ್ ಮಾಡಿದವನು ನಾನು.

ಅಕ್ಕನ ಮುಖ ಸಣ್ಣಗಾಯ್ತು. "ಹಂಗಾರೆ ತಿಂದೋರಿಗೆ ಏನಾರೂ..."

ಏನೂ ಆಗಲ್ಲ, ಎರಡು ಮಿಡಿಯಲ್ಲಿ ಆರು ಮಿಲಿಗ್ರಾಮೂ ಬರಲ್ಲ ಅಂತ ಲೆಕ್ಕ ಮಾಡಿ ತೋರಿಸಿದೆ. ಆದ್ರೂ ಅವಳು ಆ ಚಮಚವನ್ನ ತೊಳೆದು ಬೇರೆ ಕಡೆ ಇಟ್ಟು ಬಂದಳು. ಪುಡಿಯನ್ನ ಚೂರು ಚೂರೇ ತೆಗೆದು 29ಕ್ಕೆ ತಂದು ನಿಲ್ಲಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿದಳು. ಮೇಲೆ ಪೆನ್ನಿನಲ್ಲಿ 'ಒಂದು ಕ್ವಿಂಟಾಲಿಗೆ' ಅಂತ ಬರೆದಳು.

"ನಿನ್ನ ಲಿವರ್ ಹೆಂಗಿದೆ ಈಗ?"

"52ಕ್ಕೆ ಬಂದಿದೆ. ಆರು ಕೆಜಿ ಇಳಿದಿದ್ದೀನಿ."

"ರಾತ್ರಿ ಊಟ ಎಷ್ಟೊತ್ತಿಗೆ?"

"ಎಂಟಕ್ಕೆ. ಹೆಚ್ಚೂಕಡಿಮೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ತಕ್ಕಡಿಯನ್ನ ತನ್ನ ಕಡೆ ಎಳ್ಕೊಂಡು, ಸೊನ್ನೆಗೆ ತರೋ ಗುಂಡಿ ಯಾವುದು ಅಂತ ಕೇಳಿ, ಒತ್ತಿ, ಉಪ್ಪಿನ ಡಬ್ಬಿ ಕೊಡು ಅಂತ ಕೈ ಚಾಚಿದಳು.